ಬ್ರೆಜಿಲ್‌ನ ಬೆಣಚು ಹರಳು: ಪರೀಕ್ಷಿಸಿ, ಮೂಲ ನೆಲೆಯನ್ನು ಗುರುತಿಸಿ, ಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ಹರಳು ಮಾರುವ ಅಂಗಡಿಗಳಲ್ಲಿ ‘ಬ್ರೆಜಿಲ್ ಕ್ವಾರ್ಟ್ಜ್’ (ಬ್ರೆಜಿಲ್‌ನ ಬೆಣಚುಕಲ್ಲು) ಎಂಬ ಚೀಟಿ ಅಂಟಿಸಿದ ಕಲ್ಲುಗಳಿಗೆ ಬರವಿಲ್ಲ. ಆ ಚೀಟಿ ಬಹಳಷ್ಟು ಸಲ ನಿಜವೇ ಆಗಿರುತ್ತದೆ. ಜಗತ್ತಿನ ಹರಳು ವ್ಯಾಪಾರಕ್ಕೆ ಬೆಣಚುಕಲ್ಲನ್ನು ಪೂರೈಸುವ ದೇಶಗಳಲ್ಲಿ ಬ್ರೆಜಿಲ್ ಮುಂಚೂಣಿಯಲ್ಲಿದೆ. ಆದರೆ ದೇಶದ ದಕ್ಷಿಣದಲ್ಲಿರುವ ಅಮೆಟಿಸ್ಟಾ ದೊ ಸುಲ್ ಎಂಬ ಊರಿನಿಂದ ಉತ್ತರದ ಟೊಕಾಂಟಿನ್ಸ್ ರಾಜ್ಯದ ಪಿಯುಂ ಊರಿಗೆ ನೇರ ಗೆರೆ ಎಳೆದರೂ ಸುಮಾರು 1,900 ಕಿಲೊಮೀಟರ್ ಅಂತರವಿದೆ. ಈ ಎರಡು ಊರುಗಳ ಬೆಣಚು ಹುಟ್ಟಿದ ಬಂಡೆ ಬೇರೆ, ಹುಟ್ಟಿದ ಕಾಲ ಬೇರೆ, ರೂಪವೂ ಬೇರೆ. ಹೀಗಿರುವಾಗ ‘ಬ್ರೆಜಿಲ್’ ಎಂಬ ಒಂದೇ ಹೆಸರು ಕೊಳ್ಳುವವರಿಗೆ ಹೆಚ್ಚೇನನ್ನೂ ತಿಳಿಸುವುದಿಲ್ಲ.

ಕೈಯಲ್ಲಿರುವ ಕಲ್ಲು ನಿಜವಾಗಿ ಬೆಣಚೇ, ಅದರ ಮುಖಗಳು ಮತ್ತು ಬಣ್ಣ ನೈಸರ್ಗಿಕವೇ, ಅದು ಬ್ರೆಜಿಲ್‌ನ ಯಾವ ಭಾಗದ್ದಿರಬಹುದು ಎಂಬುದನ್ನು ಹಂತಹಂತವಾಗಿ ನಿರ್ಧರಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಮೂಲವನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಹರಳಿಗೆ ಅಂಟಿಕೊಂಡಿರುವ ಬಂಡೆ ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬಂಡೆಯನ್ನು ಕಳಚಿ, ಉಜ್ಜಿ, ಮೆರುಗು ಕೊಟ್ಟ ಮಣಿಯೊಂದನ್ನು ತೋರಿಸಿ ಇದು ಇಂಥ ಊರಿನದೇ ಎಂದು ಯಾರಾದರೂ ಹೇಳಿದರೆ, ಆ ಮಾತಿಗೆ ಕಾಗದಪತ್ರದ ಆಧಾರವಿಲ್ಲದೆ ಬೆಲೆ ತೆರುವುದು ಸರಿಯಲ್ಲ.

ಸಿದ್ಧತೆಗೆ ಹೆಚ್ಚು ಖರ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಉಕ್ಕಿನ ಚಾಕು, ಒಂದು ಗ್ರಾಂ ಅಥವಾ ಅದಕ್ಕಿಂತ ಕಡಿಮೆ ತೂಕವನ್ನು ತೋರಿಸುವ ಡಿಜಿಟಲ್ ತಕ್ಕಡಿ, ನೂಲು, ಗಾಜಿನ ಲೋಟ, ನೇರಳಾತೀತ ಬೆಳಕಿನ ಸಣ್ಣ ಟಾರ್ಚ್, ಪೋಲರಾಯ್ಡ್ ತಂಪು ಕನ್ನಡಕ ಮತ್ತು ಒಂದು ತುಂಡು ರಟ್ಟು ಇದ್ದರೆ ಸಾಕು.

ಹಂತ 1: ಕಲ್ಲು ಬೆಣಚೇ ಎಂದು ಖಚಿತಪಡಿಸಿಕೊಳ್ಳುವುದು

ಬೆಣಚು ಎಂದರೆ ಸಿಲಿಕಾನ್ ಡೈಆಕ್ಸೈಡ್. ಮೋಸ್ ಕಾಠಿಣ್ಯ ಮಾಪಕದಲ್ಲಿ ಇದರ ಸ್ಥಾನ 7. ಚಾಕುವಿನ ಉಕ್ಕು ಸಾಮಾನ್ಯವಾಗಿ 5.5ರ ಆಸುಪಾಸಿನಲ್ಲಿರುವುದರಿಂದ ಚಾಕುವಿನ ತುದಿ ಬೆಣಚನ್ನು ಗೀರಲಾರದು. ಬೆಣಚಿನ ಚೂಪು ಅಂಚು ಗಾಜನ್ನು ಸುಲಭವಾಗಿ ಗೀರುತ್ತದೆ. ಈ ಪರೀಕ್ಷೆಯನ್ನು ಕಣ್ಣಿಗೆ ಬೀಳದ ಅಡಿಭಾಗದಲ್ಲಿ ಮಾಡಬೇಕು. ಬೆಣಚೆಂದು ಮಾರಾಟವಾಗುವ ಕ್ಯಾಲ್ಸೈಟ್ ಇಲ್ಲಿಯೇ ಸಿಕ್ಕಿಬೀಳುತ್ತದೆ, ಏಕೆಂದರೆ ಅದರ ಕಾಠಿಣ್ಯ ಕೇವಲ 3. ಒಡೆದ ಜಾಗವನ್ನೂ ಗಮನಿಸಿ. ಬೆಣಚು ನಿರ್ದಿಷ್ಟ ಸಮತಲದಲ್ಲಿ ಸೀಳುವುದಿಲ್ಲ. ಚಿಪ್ಪಿನ ಒಳಮೈಯಂತೆ ಬಾಗಿದ ನುಣುಪಾದ ಒಡಕು ಕಾಣಿಸುತ್ತದೆ. ಒಂದೇ ದಿಕ್ಕಿನಲ್ಲಿ ಕನ್ನಡಿಯಂತೆ ಸೀಳಿದ್ದರೆ ಅದು ಟೋಪಾಜ್ ಆಗಿರುವ ಸಾಧ್ಯತೆಯಿದೆ.

ಎರಡನೆಯದು ಸಾಂದ್ರತೆ. ಮೊದಲು ಕಲ್ಲನ್ನು ತೂಗಿ ತೂಕವನ್ನು ಬರೆದುಕೊಳ್ಳಿ. ನಂತರ ಅರ್ಧ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಕಲ್ಲಿಗೆ ನೂಲು ಕಟ್ಟಿ, ಅದು ಪೂರ್ತಿ ಮುಳುಗುವಂತೆ, ಆದರೆ ಲೋಟದ ತಳಕ್ಕೂ ಬದಿಗೂ ತಾಗದಂತೆ ಕೈಯಲ್ಲಿ ಹಿಡಿಯಿರಿ. ಆಗ ತಕ್ಕಡಿ ತೋರಿಸುವ ಗ್ರಾಂ ಸಂಖ್ಯೆಯೇ ಕಲ್ಲಿನ ಘನ ಸೆಂಟಿಮೀಟರ್ ಗಾತ್ರ. ಮೊದಲ ತೂಕವನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 106 ಗ್ರಾಂ ತೂಗುವ ಕಲ್ಲು ನೀರಿನಲ್ಲಿ 40 ತೋರಿಸಿದರೆ ಉತ್ತರ 2.65, ಅಂದರೆ ಬೆಣಚಿನದೇ ಸಂಖ್ಯೆ. ಟೋಪಾಜ್ 3.5ರ ಸಮೀಪ ಬರುತ್ತದೆ. ಸೀಸ ಬೆರೆಸಿದ ‘ಕ್ರಿಸ್ಟಲ್’ ಗಾಜು ಹಲವು ಸಲ 3ನ್ನು ಮೀರುತ್ತದೆ. ಸಾಮಾನ್ಯ ಗಾಜು 2.5ರ ಆಸುಪಾಸಿನಲ್ಲಿರುವುದರಿಂದ ಸಣ್ಣ ಮಣಿಗಳಲ್ಲಿ ವ್ಯತ್ಯಾಸ ಹಿಡಿಯುವುದು ಕಷ್ಟ.

ಅಂಥ ಮಣಿಗಳಿಗೆ, ವಿಶೇಷವಾಗಿ ನಮ್ಮಲ್ಲಿ ಪೂಜೆಗೂ ಜಪಕ್ಕೂ ಬಳಸುವ ಸ್ಫಟಿಕ ಮಾಲೆಗಳಿಗೆ, ಬೆಳಕಿನ ಪರೀಕ್ಷೆಯೇ ಉತ್ತಮ. ಲ್ಯಾಪ್‌ಟಾಪ್‌ನ ಎಲ್‌ಸಿಡಿ ಪರದೆಯಲ್ಲಿ ಖಾಲಿ ಬಿಳಿ ಪುಟವನ್ನು ತೆರೆದು, ಪೋಲರಾಯ್ಡ್ ಕನ್ನಡಕದ ಒಂದು ಗಾಜಿನ ಮೂಲಕ ನೋಡುತ್ತ, ಪರದೆ ಕಪ್ಪಾಗುವವರೆಗೆ ಕನ್ನಡಕವನ್ನು ತಿರುಗಿಸಿ. ಈಗ ಪರದೆ ಮತ್ತು ಕನ್ನಡಕದ ನಡುವೆ ಮಣಿಯನ್ನು ಹಿಡಿದು ನಿಧಾನವಾಗಿ ಹೊರಳಿಸಿ. ಬೆಣಚಾದರೆ ಕೆಲವು ಭಂಗಿಗಳಲ್ಲಿ ಮಣಿ ಬೆಳಗುತ್ತದೆ, ಕೆಲವು ದಿಕ್ಕಿನಿಂದ ಕಾಮನಬಿಲ್ಲಿನ ಬಣ್ಣದ ಉಂಗುರಗಳೂ ಕಾಣಿಸುತ್ತವೆ. ಗಾಜು ಬಹುಪಾಲು ಕಪ್ಪಾಗಿಯೇ ಉಳಿಯುತ್ತದೆ. ಕಾರ್ಖಾನೆಯಲ್ಲಿ ಬೆಳೆಸಿದ ಬೆಣಚು ಕೂಡ ಈ ಪರೀಕ್ಷೆಯಲ್ಲಿ ನೈಸರ್ಗಿಕ ಬೆಣಚಿನಂತೆಯೇ ವರ್ತಿಸುತ್ತದೆ; ಅವೆರಡನ್ನು ಬೇರ್ಪಡಿಸಲು ರತ್ನ ಪ್ರಯೋಗಾಲಯಕ್ಕೇ ಹೋಗಬೇಕು.

ಹಂತ 2: ಮುಖಗಳು ಬೆಳೆದವೇ, ಕೆತ್ತಿದವೇ

ಬ್ರೆಜಿಲ್‌ನಿಂದ ಬರುವ ಮೊನಚಾದ ಹರಳುಗಳಲ್ಲಿ ಗಣನೀಯ ಪಾಲು ಯಂತ್ರದಲ್ಲಿ ಉಜ್ಜಿ ರೂಪಿಸಿದವು. ಮುರಿದ ತುಂಡಿಗೆ ಆರು ಪಕ್ಕಗಳನ್ನೂ ಒಂದು ಶಿಖರವನ್ನೂ ಕೊಟ್ಟು ಮಾರುವುದು ಅಲ್ಲಿ ಬಹಿರಂಗವಾಗಿಯೇ ನಡೆಯುವ ವ್ಯಾಪಾರ. ಕಲ್ಲು ನಿಜವಾದದ್ದೇ ಆಗಿರುವುದರಿಂದ ಇದನ್ನು ಮೋಸವೆನ್ನಲಾಗದು, ಆದರೆ ನೈಸರ್ಗಿಕ ಹರಳಿನ ಬೆಲೆಗೆ ಮಾರಿದಾಗ ಅದು ಮೋಸವೇ ಆಗುತ್ತದೆ.

ಮಸೂರ ಹಿಡಿದು ಪಕ್ಕದ ಮುಖಗಳನ್ನು ಓರೆ ಬೆಳಕಿನಲ್ಲಿ ನೋಡಿ. ತಾನಾಗಿ ಬೆಳೆದ ಹರಳಿನ ಪಕ್ಕಗಳಲ್ಲಿ ಉದ್ದಕ್ಕೆ ಅಡ್ಡಲಾಗಿ, ಏಣಿಯ ಮೆಟ್ಟಿಲುಗಳಂತೆ, ಸೂಕ್ಷ್ಮ ಗೆರೆಗಳಿರುತ್ತವೆ. ಶಿಖರದ ಮುಖಗಳಲ್ಲಿ ಆ ಗೆರೆಗಳಿರುವುದಿಲ್ಲ, ಬದಲಿಗೆ ತ್ರಿಕೋನಾಕಾರದ ಬೆಳವಣಿಗೆಯ ಗುರುತುಗಳು ಕಾಣಸಿಗಬಹುದು. ಎಲ್ಲ ಮುಖಗಳೂ ಒಂದೇ ರೀತಿ ನುಣುಪಾಗಿದ್ದರೆ ಸಂಶಯಪಡಬೇಕು. ಆಗ ರಟ್ಟಿನಲ್ಲಿ 120 ಡಿಗ್ರಿ ಕೋನದ ಕಚ್ಚು ಕತ್ತರಿಸಿ, ಹರಳಿನ ಎರಡು ಪಕ್ಕಗಳು ಸೇರುವ ಅಂಚಿಗೆ ಲಂಬವಾಗಿ ಹೊಂದಿಸಿ. ಹರಳು ಸಣ್ಣದಿರಲಿ ದೊಡ್ಡದಿರಲಿ, ಒಂದು ಪಕ್ಕ ಅಗಲವಾಗಿ ಇನ್ನೊಂದು ಕಿರಿದಾಗಿರಲಿ, ಬೆಣಚಿನ ಪಕ್ಕಗಳ ನಡುವಿನ ಕೋನ ಬದಲಾಗುವುದಿಲ್ಲ ಎಂಬುದನ್ನು ಡೆನ್ಮಾರ್ಕ್ ಮೂಲದ ನಿಕೊಲಾಸ್ ಸ್ಟೆನೊ 1669ರಲ್ಲಿಯೇ ತೋರಿಸಿಕೊಟ್ಟಿದ್ದ. ಕೈಯಂದಾಜಿನಲ್ಲಿ ಉಜ್ಜಿದ ಹರಳು ಈ ಕಚ್ಚಿನಲ್ಲಿ ಕೂರುವುದು ಅಪರೂಪ. ಎಲ್ಲೋ ಒಂದು ಅಂಚಿನಲ್ಲಿ ಬೆಳಕು ನುಸುಳುತ್ತದೆ.

ಗೊಂಚಲುಗಳಿಗೆ ಬೇರೊಂದು ಪರೀಕ್ಷೆಯಿದೆ. ಉದುರಿದ ಹರಳುಗಳನ್ನು ಬಂಡೆಗೆ ಅಂಟಿಸಿ ಗೊಂಚಲಿನಂತೆ ಮಾರುವುದುಂಟು. ಕತ್ತಲೆಯಲ್ಲಿ ನೇರಳಾತೀತ ಟಾರ್ಚ್ ಹಾಯಿಸಿದರೆ ಬುಡದಲ್ಲಿರುವ ಅಂಟು ಅನೇಕ ವೇಳೆ ನೀಲಿ ಬಿಳುಪಾಗಿ ಹೊಳೆಯುತ್ತದೆ.

ಹಂತ 3: ಬಣ್ಣದ ವಿಚಾರಣೆ

ನೇರಳೆ ಬಣ್ಣದ ಅಮೆಥಿಸ್ಟ್‌ಗೆ ಅತ್ಯಲ್ಪ ಪ್ರಮಾಣದ ಕಬ್ಬಿಣ ಮತ್ತು ಸುತ್ತಲಿನ ಬಂಡೆಯ ಸಹಜ ವಿಕಿರಣ ಕಾರಣ. ಹೊಗೆಯ ಬಣ್ಣದ ಸ್ಮೋಕಿ ಕ್ವಾರ್ಟ್ಜ್‌ಗೆ ಅಲ್ಯೂಮಿನಿಯಂ ಮತ್ತು ಅದೇ ವಿಕಿರಣ ಕಾರಣ. ಈ ಬಣ್ಣಗಳು ಶಾಖಕ್ಕೆ ಬದಲಾಗುತ್ತವೆ ಎಂಬುದೇ ವ್ಯಾಪಾರದ ಒಂದು ದೊಡ್ಡ ಭಾಗಕ್ಕೆ ಆಧಾರ.

ಅಮೆಥಿಸ್ಟನ್ನು ಸುಮಾರು 400ರಿಂದ 500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಹಳದಿ ಅಥವಾ ಕಿತ್ತಳೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪೇಟೆಯಲ್ಲಿ ‘ಬ್ರೆಜಿಲ್ ಸಿಟ್ರಿನ್’ ಎಂದು ಸಿಗುವ ಗೊಂಚಲುಗಳಲ್ಲಿ ಬಹುಪಾಲು ಹೀಗೆ ಕಾಯಿಸಿದ ಅಮೆಥಿಸ್ಟ್. ಗುರುತಿಸುವುದು ಕಷ್ಟವಲ್ಲ: ಬುಡ ಬೆಳ್ಳಗೆ ಮಂಕಾಗಿದ್ದು, ತುದಿಗಳು ಮಾತ್ರ ಸುಟ್ಟ ಕಿತ್ತಳೆ ಬಣ್ಣದಲ್ಲಿದ್ದರೆ, ಹರಳುಗಳು ಗಿಡ್ಡವಾಗಿ ಒತ್ತೊತ್ತಾಗಿದ್ದರೆ, ಅದು ಕುಲುಮೆಯ ಬಣ್ಣವೆಂದು ತಿಳಿಯಬೇಕು. ನೈಸರ್ಗಿಕ ಸಿಟ್ರಿನ್ ಸಾಮಾನ್ಯವಾಗಿ ತೆಳು ಹಳದಿ, ಸ್ವಲ್ಪ ಹೊಗೆ ಬೆರೆತಂತೆ, ಹರಳಿನುದ್ದಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಮಿನಾಸ್ ಜೆರೈಸ್ ರಾಜ್ಯದ ಮೊಂಟೆಜುಮಾ ಎಂಬಲ್ಲಿನ ಅಮೆಥಿಸ್ಟ್ ಕಾಯಿಸಿದಾಗ ಹಳದಿಯಾಗದೆ ತಿಳಿ ಹಸಿರಾಗುತ್ತದೆ. ಪ್ರೇಸಿಯೊಲೈಟ್ ಎಂದು ಕರೆಯಲಾಗುವ ಈ ಕಲ್ಲನ್ನು ‘ಹಸಿರು ಅಮೆಥಿಸ್ಟ್’ ಎಂದು ಮಾರುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಇದನ್ನು ಮನೆಯಲ್ಲಿ ಪ್ರಯೋಗಿಸಲು ಹೋಗಬಾರದು. 573 ಡಿಗ್ರಿಯಲ್ಲಿ ಬೆಣಚಿನ ಒಳರಚನೆಯೇ ಬದಲಾಗುತ್ತದೆ, ಅದಕ್ಕಿಂತ ಬಹಳ ಮೊದಲೇ ಏರುಪೇರಾದ ಶಾಖಕ್ಕೆ ಹರಳು ಸಿಡಿಯಬಹುದು.

ಕಣ್ಣು ಕುಕ್ಕುವ ನೀಲಿ, ಗುಲಾಬಿ, ಹಸಿರು ಬಣ್ಣದ ಅಗೇಟ್ (ಪಟ್ಟೆಪಟ್ಟೆಯಾಗಿ ಬೆಳೆದ ಬೆಣಚಿನ ಬಗೆ) ಬಿಲ್ಲೆಗಳು ಬಣ್ಣದಲ್ಲಿ ಅದ್ದಿ ತೆಗೆದವು. ಜರ್ಮನಿಯ ಈಡರ್ ಒಬರ್‌ಸ್ಟೈನ್ ಪಟ್ಟಣದ ಕಲ್ಲು ಕೊರೆಯುವವರು 19ನೇ ಶತಮಾನದಲ್ಲಿ ಈ ಕಲೆಯನ್ನು ಬೆಳೆಸಿದರು. ಅದೇ ಪ್ರದೇಶದಿಂದ ವಲಸೆ ಹೋದವರು ಬ್ರೆಜಿಲ್‌ನ ದಕ್ಷಿಣದಲ್ಲಿ ಅಗೇಟ್ ನಿಕ್ಷೇಪಗಳನ್ನು ಕಂಡು ಕಲ್ಲನ್ನು ತಮ್ಮೂರಿಗೆ ಹಡಗಿನಲ್ಲಿ ಕಳುಹಿಸಿದರು. ಬೆಣಚಿಗೆ ಲೋಹದ ತೆಳು ಲೇಪ ಕೊಟ್ಟು ‘ಔರಾ’ ಎಂದು ಮಾರುವ ನೀಲಿ ಮಿನುಗಿನ ಹರಳುಗಳೂ ಕಾರ್ಖಾನೆಯವೇ.

ಹಂತ 4: ಬಂಡೆಯನ್ನು ಓದಿ ನೆಲೆಯನ್ನು ಗುರುತಿಸುವುದು

ಇದು ಇಡೀ ಕೆಲಸದ ಮುಖ್ಯ ಹಂತ. ಬ್ರೆಜಿಲ್‌ನ ವಾಣಿಜ್ಯ ಬೆಣಚಿನ ಬಹುಪಾಲು ಮೂರು ಬಗೆಯ ಬಂಡೆಗಳಲ್ಲಿ ಸಿಗುತ್ತದೆ. ಕಲ್ಲನ್ನು ತಿರುಗಿಸಿ ಹಿಂಬದಿ ನೋಡಿದರೆ ಯಾವ ಬಗೆಯೆಂಬುದು ಸಾಮಾನ್ಯವಾಗಿ ತಿಳಿಯುತ್ತದೆ.

ಹಿಂಬದಿ ಗಾಢ ಬೂದು ಅಥವಾ ಕಂದು ಬಣ್ಣದ ಬಸಾಲ್ಟ್, ಅಂದರೆ ಲಾವಾ ಆರಿ ಗಟ್ಟಿಯಾದ ಬಂಡೆ, ಆಗಿದ್ದರೆ ಕಲ್ಲು ದಕ್ಷಿಣದ್ದು. ಸುಮಾರು 13.4 ಕೋಟಿ ವರ್ಷಗಳ ಹಿಂದೆ, ದಕ್ಷಿಣ ಅಮೆರಿಕ ಮತ್ತು ಆಫ್ರಿಕಾ ಬೇರ್ಪಡುವ ಹೊತ್ತಿನಲ್ಲಿ, ಪರಾನಾ ಜಲಾನಯನ ಪ್ರದೇಶದ ಮೇಲೆ ಲಾವಾ ಪದರಪದರವಾಗಿ ಹರಿಯಿತು. ಅದೇ ಲಾವಾದ ಇನ್ನೊಂದು ಭಾಗ ಇಂದು ನಮೀಬಿಯಾದಲ್ಲಿದೆ. ಲಾವಾದಲ್ಲಿ ಸಿಕ್ಕಿಬಿದ್ದ ಅನಿಲದ ಗುಳ್ಳೆಗಳು ಪೊಳ್ಳುಗಳಾಗಿ ಉಳಿದು, ಮುಂದೆ ಸಿಲಿಕಾ ತುಂಬಿದ ನೀರು ಅವುಗಳ ಒಳಗೋಡೆಗೆ ಹರಳುಗಳನ್ನು ಕಟ್ಟಿತು. ಇವೇ ಜಿಯೋಡ್‌ಗಳು. ಕತ್ತರಿಸಿದ ಜಿಯೋಡ್‌ನ ಅಂಚನ್ನು ಹೊರಗಿನಿಂದ ಒಳಕ್ಕೆ ಓದಿ: ಮೊದಲು ಬಸಾಲ್ಟ್, ಅದರ ಮೇಲೆ ಸೆಲಡೊನೈಟ್ ಎಂಬ ಹಸಿರು ಖನಿಜದ ತೆಳು ಪೊರೆ, ನಂತರ ಅಗೇಟ್ ಪಟ್ಟಿ, ಬಣ್ಣವಿಲ್ಲದ ಬೆಣಚು, ಕೊನೆಗೆ ಒಳತುದಿಯಲ್ಲಿ ನೇರಳೆ. ಕೆಲವೊಮ್ಮೆ ಅದರ ಮೇಲೆ ಬಿಳಿ ಕ್ಯಾಲ್ಸೈಟ್ ಕುಳಿತಿರುತ್ತದೆ. ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ಅಮೆಟಿಸ್ಟಾ ದೊ ಸುಲ್ ಮತ್ತು ಅದರ ನೆರೆಯ ಊರುಗಳಲ್ಲಿ ಒಂದೇ ಲಾವಾ ಪದರವನ್ನು ಹಿಡಿದು ಬೆಟ್ಟದೊಳಕ್ಕೆ ಅಡ್ಡ ಸುರಂಗ ಕೊರೆಯುತ್ತಾರೆ. ಕೊರೆದ ಸಣ್ಣ ತೂತಿನೊಳಗೆ ಪೊಳ್ಳು ಸಿಕ್ಕಿದರೆ ದೀಪ ಬಿಟ್ಟು ಬಣ್ಣ ನೋಡಿ, ತೆಗೆಯುವುದೋ ಬಿಡುವುದೋ ತೀರ್ಮಾನಿಸುತ್ತಾರೆ. ಅದೇ ರಾಜ್ಯದ ಸಾಲ್ಟೊ ದೊ ಜಾಕುಯಿ ಅಗೇಟ್‌ಗೆ ಹೆಸರಾದರೆ, ಸೊಲೆಡಾಡೆ ಕಲ್ಲಿನ ವ್ಯಾಪಾರಕ್ಕೆ ಹೆಸರಾದ ಪಟ್ಟಣ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಗಡಿಯಾಚೆ ಉರುಗ್ವೆಯ ಆರ್ತಿಗಾಸ್‌ನಲ್ಲಿಯೂ ಇದೇ ಬಸಾಲ್ಟ್, ಇದೇ ಬಗೆಯ ಜಿಯೋಡ್‌ಗಳಿವೆ. ಆರ್ತಿಗಾಸ್‌ನ ನೇರಳೆ ಸಾಮಾನ್ಯವಾಗಿ ಹೆಚ್ಚು ಗಾಢ, ಹರಳುಗಳು ಚಿಕ್ಕವು ಎನ್ನುವುದುಂಟು, ಆದರೆ ಬಣ್ಣವೊಂದನ್ನೇ ನೋಡಿ ದೇಶವನ್ನು ನಿರ್ಧರಿಸಲಾಗದು.

ಬಸಾಲ್ಟ್ ಇಲ್ಲದೆ ಉದ್ದನೆಯ ನಿರ್ವರ್ಣ ಹರಳು ಮಾತ್ರ ಇದ್ದು, ಬುಡದಲ್ಲಿ ಬಿಳಿ ಬೆಣಚು ಅಥವಾ ಕ್ವಾರ್ಟ್ಜೈಟ್‌ನ ತುಣುಕು, ಸಂದುಗಳಲ್ಲಿ ತುಕ್ಕಿನ ಬಣ್ಣದ ಮಣ್ಣು ಇದ್ದರೆ ಅದು ಬೆಣಚಿನ ಸಿರೆಗಳಿಂದ ಬಂದಿರಬೇಕು. ಮಿನಾಸ್ ಜೆರೈಸ್‌ನಿಂದ ಬಾಹಿಯಾದವರೆಗೆ ಚಾಚಿರುವ ಎಸ್ಪಿನ್ಯಾಸೊ ಪರ್ವತ ಸಾಲು ಇದರ ಬೆನ್ನೆಲುಬು. ಅತಿ ಪುರಾತನ ಮರಳುಗಲ್ಲು ಒತ್ತಡಕ್ಕೆ ಕ್ವಾರ್ಟ್ಜೈಟ್ ಆಗಿ, ಅದರ ಬಿರುಕುಗಳಲ್ಲಿ ಬಿಸಿನೀರು ಹರಿದು ಈ ಸಿರೆಗಳು ಕಟ್ಟಿಕೊಂಡವು. ಕುರ್ವೆಲೊ, ಕೊರಿಂಟೊ, ಡಯಮಂಟಿನಾ, ಬುಯೆನೊಪೊಲಿಸ್ ಮತ್ತು ಸೆರ್ರಾ ದೊ ಕಬ್ರಾಲ್ ಬೆಟ್ಟದ ಬುಡದ ಜುವಾಕಿಂ ಫೆಲಿಸಿಯೊ ಇಲ್ಲಿನ ಪ್ರಸಿದ್ಧ ಊರುಗಳು. ಹರಳಿನೊಳಗೆ ಕ್ಲೋರೈಟ್ ಎಂಬ ಹಸಿರು ಖನಿಜ ಪಾಚಿಯಂತೆ ಹರಡಿದ್ದರೆ ಈ ಪ್ರದೇಶವನ್ನು ಮೊದಲು ನೆನೆಯಬೇಕು. ಬಾಹಿಯಾ ರಾಜ್ಯದ ನೊವೊ ಒರಿಜೊಂಟೆಯ ಹರಳನ್ನು ಮಾತ್ರ ಬಂಡೆಯಿಲ್ಲದೆಯೂ ಬಹುಮಟ್ಟಿಗೆ ಗುರುತಿಸಬಹುದು: ಅದರೊಳಗೆ ಹೆಮಟೈಟ್ ಎಂಬ ಕಪ್ಪು ಖನಿಜದ ತಟ್ಟೆಯೊಂದರಿಂದ ರೂಟೈಲ್ ಎಂಬ ಖನಿಜದ ಚಿನ್ನದ ಬಣ್ಣದ ಸೂಜಿಗಳು ಆರು ದಿಕ್ಕಿಗೆ ನಕ್ಷತ್ರದಂತೆ ಚಿಮ್ಮಿರುತ್ತವೆ. ಗೊಯಾಸ್ ರಾಜ್ಯದ ಕ್ರಿಸ್ಟಲಿನಾ, ಟೊಕಾಂಟಿನ್ಸ್‌ನ ಕ್ರಿಸ್ಟಲಾಂಡಿಯಾ ಮತ್ತು ಪಿಯುಂ ಕೂಡ ಬೆಣಚಿನ ಗಣಿಗಾರಿಕೆಯಿಂದಲೇ ಬೆಳೆದ ಊರುಗಳು.

ಈ ಊರುಗಳ ಇತಿಹಾಸಕ್ಕೂ ರೇಡಿಯೋಗೂ ನಂಟಿದೆ. ಒತ್ತಿದಾಗ ಬೆಣಚಿನಲ್ಲಿ ವಿದ್ಯುದಾವೇಶ ಹುಟ್ಟುತ್ತದೆ ಎಂಬುದನ್ನು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಕೊಂಡರು. ಎರಡನೆಯ ಮಹಾಯುದ್ಧದ ಕಾಲಕ್ಕೆ ಸೈನ್ಯದ ರೇಡಿಯೋಗಳ ಕಂಪನಾಂಕವನ್ನು ಸ್ಥಿರವಾಗಿಡಲು ಬೆಣಚಿನ ತೆಳು ಬಿಲ್ಲೆಗಳು ಲಕ್ಷಗಟ್ಟಲೆ ಬೇಕಾದವು, ಮತ್ತು ದೋಷರಹಿತ ದೊಡ್ಡ ಹರಳುಗಳ ಮುಖ್ಯ ಮೂಲ ಬ್ರೆಜಿಲ್ ಆಗಿತ್ತು. ಯುದ್ಧಾನಂತರ ಕಾರ್ಖಾನೆಗಳಲ್ಲಿ ಬೆಣಚನ್ನು ಬೆಳೆಸುವ ವಿಧಾನ ಸಿದ್ಧಿಸಿದ ಮೇಲೆ ಆ ಬೇಡಿಕೆ ಕುಸಿಯಿತು. ಆದರೂ ಆ ಕೃತಕ ಹರಳನ್ನು ಬೆಳೆಸಲು ಕಚ್ಚಾವಸ್ತುವಾಗಿ ‘ಲಾಸ್ಕಾ’ ಎಂಬ ಶುದ್ಧ ಬೆಣಚಿನ ಚೂರುಗಳು ಬ್ರೆಜಿಲ್‌ನಿಂದಲೇ ಹೋದವು. ಇಂದಿನ ಕೈಗಡಿಯಾರದಲ್ಲಿ ಸೆಕೆಂಡಿಗೆ 32,768 ಸಲ ಕಂಪಿಸುವ ಬೆಣಚು ಹೀಗೆ ಬೆಳೆಸಿದ್ದು.

ಮೂರನೆಯದು ಪೆಗ್ಮಟೈಟ್, ಅಂದರೆ ದಪ್ಪ ದಪ್ಪ ಹರಳುಗಳ ಗ್ರಾನೈಟ್ ಬಂಧು. ಬೆಣಚಿನ ಜೊತೆ ಬಿಳಿ ಆಲ್ಬೈಟ್‌ನ ಎಸಳುಗಳು, ಅಭ್ರಕ, ನೇರಳೆ ಲೆಪಿಡೊಲೈಟ್ ಅಥವಾ ಹಸಿರು, ಗುಲಾಬಿ ಟೂರ್ಮಲೀನ್‌ನಂಥ ಖನಿಜಗಳು ಕಂಡರೆ ಮಿನಾಸ್ ಜೆರೈಸ್‌ನ ಪೂರ್ವ ಭಾಗವನ್ನು ಊಹಿಸಬೇಕು: ಗವರ್ನಡೊರ್ ವಲಡಾರೆಸ್, ಗಲಿಲೇಯಾ, ತೆಯೊಫಿಲೊ ಒಟೊನಿ, ಅರಸುವಾಯಿ, ಇಟಿಂಗಾ. ಗುಲಾಬಿ ಬೆಣಚು ಸಾಮಾನ್ಯವಾಗಿ ಆಕಾರವಿಲ್ಲದ ಗಟ್ಟಿಯಾಗಿ ಸಿಗುತ್ತದೆ. ಮುಖಗಳುಳ್ಳ ಗುಲಾಬಿ ಹರಳುಗಳು ಅಪರೂಪ, ಮತ್ತು ಅವುಗಳ ಪ್ರಸಿದ್ಧ ನೆಲೆಗಳಲ್ಲೊಂದು ಗಲಿಲೇಯಾದ ಸಪುಕಾಯಾ ಗಣಿ. ಅಂಥ ಹರಳುಗಳ ಬಣ್ಣ ಬೆಳಕಿಗೆ ಮಾಸುವುದರಿಂದ ಕಿಟಕಿಯ ಬಳಿ ಇಡಬಾರದು. ಅಮೆಥಿಸ್ಟ್‌ಗೂ ಬಿಸಿಲು ಆಗದು.

ಹಂತ 5: ಬೆಲೆ ಕಟ್ಟುವುದು

ಕಚ್ಚಾ ಕಲ್ಲು ಮತ್ತು ಜಿಯೋಡ್‌ಗಳು ಸಾಮಾನ್ಯವಾಗಿ ಕಿಲೊ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಅಲ್ಲಿನ ಪೋರ್ಚುಗೀಸ್ ಭಾಷೆಯಲ್ಲಿ ‘ಬ್ರುಟೊ’ ಎಂದರೆ ಕಚ್ಚಾ ಕಲ್ಲು, ‘ಪೊಂಟಾ’ ಎಂದರೆ ಮೊನೆ, ‘ಡ್ರೂಸಾ’ ಎಂದರೆ ಗೊಂಚಲು, ‘ಕಪೇಲಾ’ ಎಂದರೆ ನಿಲ್ಲಿಸಿಡುವ ಎತ್ತರದ ಜಿಯೋಡ್. ಈ ನಾಲ್ಕು ಮಾತು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ವ್ಯವಹಾರ ಮುಗಿಯುತ್ತದೆ. ಕಪೇಲಾದ ಹಿಂಬದಿಗೆ ಸಿಮೆಂಟ್ ಬಳಿದು ಗಾಢ ಬಣ್ಣ ಹಚ್ಚುವುದು ರೂಢಿ. ತೆಳು ಚಿಪ್ಪು ಒಡೆಯದಿರಲು ಅದು ಬೇಕು, ಆದರೆ ಕಿಲೊ ಲೆಕ್ಕದಲ್ಲಿ ಸಿಮೆಂಟಿಗೂ ಹಣ ತೆರುವಿರೆಂಬುದು ನೆನಪಿರಲಿ. ಮೆರುಗು ಕೊಟ್ಟ ಅಂಚಿನಲ್ಲಿ ಕಲ್ಲಿನ ದಪ್ಪ ಎಷ್ಟು, ಅದರ ಹಿಂದಿನ ಸಿಮೆಂಟಿನ ದಪ್ಪ ಎಷ್ಟು ಎಂದು ಬೆರಳಿಟ್ಟು ಅಳೆದು ನೋಡಿ, ಆಮೇಲೆ ಚೌಕಾಶಿ ಮಾಡಿ. ಬಣ್ಣವನ್ನು ಅಂಗಡಿಯ ದೀಪದಲ್ಲಿ ನೋಡದೆ ಹಗಲು ಬೆಳಕಿನಲ್ಲಿ ನೋಡಬೇಕು.

ನೊವೊ ಒರಿಜೊಂಟೆಯ ರೂಟೈಲ್ ಹರಳಿನಂಥ ವಿಶಿಷ್ಟ ವಸ್ತುವಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ಅರ್ಥವಿದೆ. ಉಜ್ಜಿದ ನಿರ್ವರ್ಣ ಗೋಳಕ್ಕೆ ಊರಿನ ಹೆಸರಿನ ಮೇಲೆ ಹೆಚ್ಚುವರಿ ಕೊಡುವುದರಲ್ಲಿ ಇಲ್ಲ.

ಹಂತ 6: ಸ್ವಚ್ಛಗೊಳಿಸುವುದು

ಸಿರೆಗಳಿಂದ ಬಂದ ಹರಳಿನ ತುಕ್ಕಿನ ಕಲೆ ಸೋಪು ನೀರಿಗೆ ಹೋಗುವುದಿಲ್ಲ. ಆಕ್ಸಾಲಿಕ್ ಆಮ್ಲದ ತೆಳು ದ್ರಾವಣದಲ್ಲಿ ಕೆಲವು ದಿನ ನೆನೆಸಿದರೆ ಹಳದಿ ಕಲೆ ಕರಗುತ್ತದೆ. ಈ ಆಮ್ಲ ವಿಷಕಾರಿ, ಮೂತ್ರಪಿಂಡಕ್ಕೆ ಹಾನಿಕರ. ಆದ್ದರಿಂದ ಅಡುಗೆಮನೆಯಿಂದ ದೂರ, ಗಾಳಿಯಾಡುವ ಕಡೆ, ಮುಚ್ಚಳವಿರುವ ಪ್ಲಾಸ್ಟಿಕ್ ಪಾತ್ರೆಯಲ್ಲಿ, ಕೈಗವಸು ಮತ್ತು ಕನ್ನಡಕ ಧರಿಸಿ ಮಾಡಬೇಕು. ದ್ರಾವಣವನ್ನು ಕುದಿಸಬಾರದು. ಮುಗಿದ ಮೇಲೆ ವಾಷಿಂಗ್ ಸೋಡಾ ಬೆರೆಸಿ ಆಮ್ಲವನ್ನು ತಟಸ್ಥಗೊಳಿಸಿ, ಹರಳನ್ನು ಹಲವು ಸಲ ನೀರು ಬದಲಿಸಿ ನೆನೆಸಿಡಬೇಕು. ಕ್ಯಾಲ್ಸೈಟ್ ಇರುವ ದಕ್ಷಿಣದ ಜಿಯೋಡ್‌ಗಳಿಗೆ ಈ ವಿಧಾನ ಸಲ್ಲದು, ಕ್ಯಾಲ್ಸೈಟ್ ಹಾಳಾಗುತ್ತದೆ. ಅವುಗಳಿಗೆ ಮೃದು ಬ್ರಷ್ ಮತ್ತು ನೀರು ಸಾಕು. ಬೆಣಚನ್ನು ಒಣಗಿದ ಸ್ಥಿತಿಯಲ್ಲಿ ಎಂದೂ ಉಜ್ಜಬಾರದು, ಕತ್ತರಿಸಬಾರದು. ಆ ಧೂಳು ಶ್ವಾಸಕೋಶದಲ್ಲಿ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ, ಬ್ರೆಜಿಲ್‌ನ ಗಣಿ ಕಾರ್ಮಿಕರು ಮತ್ತು ಕಲ್ಲು ಕೆತ್ತುವವರು ಅದರ ಬೆಲೆ ತೆತ್ತಿದ್ದಾರೆ.

ಹಂತ 7: ಅಲ್ಲಿಗೇ ಹೋಗುವವರಿಗೆ

ಮಿನಾಸ್ ಜೆರೈಸ್‌ಗೆ ಮಳೆಯಿಲ್ಲದ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗಿನ ಕಾಲ ಸೂಕ್ತ. ಮಳೆಗಾಲದಲ್ಲಿ ಗಣಿಗಳ ಮಣ್ಣಿನ ದಾರಿ ಕೆಸರಾಗುತ್ತದೆ. ಆ ರಾಜ್ಯದ ರಾಜಧಾನಿ ಬೆಲೊ ಒರಿಜೊಂಟೆಯಲ್ಲಿ ಇಳಿದು, ಲಿಬರ್ಡಾಡೆ ಚೌಕದಲ್ಲಿರುವ ಗಣಿ ಮತ್ತು ಲೋಹ ವಸ್ತುಸಂಗ್ರಹಾಲಯವನ್ನೂ, 1876ರಲ್ಲಿ ಆರಂಭವಾದ ಔರೊ ಪ್ರೆಟೊದ ಗಣಿಶಾಲೆಯ ಖನಿಜ ಸಂಗ್ರಹವನ್ನೂ ಮೊದಲು ನೋಡಿದರೆ ಕಣ್ಣು ಪಳಗುತ್ತದೆ. ಅಲ್ಲಿಂದ ಉತ್ತರಕ್ಕೆ ಕುರ್ವೆಲೊ, ಕೊರಿಂಟೊ, ಡಯಮಂಟಿನಾ ಒಂದು ದಾರಿ. ಈಶಾನ್ಯಕ್ಕೆ ಗವರ್ನಡೊರ್ ವಲಡಾರೆಸ್, ತೆಯೊಫಿಲೊ ಒಟೊನಿ ಇನ್ನೊಂದು ದಾರಿ. ತೆಯೊಫಿಲೊ ಒಟೊನಿಯಲ್ಲಿ ಅಂತರರಾಷ್ಟ್ರೀಯ ರತ್ನ ಮೇಳವೂ ನಡೆಯುತ್ತದೆ. ಸಮಯ ಕಡಿಮೆಯಿರುವವರಿಗೆ ಬ್ರೆಸಿಲಿಯಾದಿಂದ ಸುಮಾರು 130 ಕಿಲೊಮೀಟರ್ ದೂರದ ಕ್ರಿಸ್ಟಲಿನಾ ಅನುಕೂಲ. ಸುರಂಗದೊಳಗೆ ಹೋಗಿ ಜಿಯೋಡ್‌ಗಳನ್ನು ಬಂಡೆಯಲ್ಲಿಯೇ ನೋಡಬೇಕೆಂದರೆ ಅಮೆಟಿಸ್ಟಾ ದೊ ಸುಲ್‌ಗೇ ಹೋಗಬೇಕು. ಅಲ್ಲಿ ಪ್ರವಾಸಿಗರಿಗೆ ತೆರೆದ ಗಣಿಗಳೂ, ಗೋಡೆಗಳಿಗೆ ಅಮೆಥಿಸ್ಟ್ ಹೊದಿಸಿದ ಚರ್ಚ್ ಕೂಡ ಇವೆ.

ಕಂಡಕಂಡಲ್ಲಿ ಅಗೆಯುವಂತಿಲ್ಲ. 1988ರ ಸಂವಿಧಾನದ ಪ್ರಕಾರ ಬ್ರೆಜಿಲ್‌ನ ಭೂಗರ್ಭದ ಖನಿಜಗಳು ಒಕ್ಕೂಟ ಸರ್ಕಾರದ ಸ್ವತ್ತು. ಗರಿಂಪೇರೊ ಎನ್ನಲಾಗುವ ಸಣ್ಣ ಗಣಿಗಾರರಿಗೆ 1989ರ ಕಾನೂನಿನಡಿ ಪ್ರತ್ಯೇಕ ಪರವಾನಗಿಯಿದ್ದು, ಅದು ಬ್ರೆಜಿಲ್ ಪ್ರಜೆಗಳಿಗೆ ಮತ್ತು ಗಣಿಗಾರರ ಸಹಕಾರ ಸಂಘಗಳಿಗೆ ಮೀಸಲು. ಪ್ರವಾಸಿಗರು ಪರವಾನಗಿಯುಳ್ಳ ಅಂಗಡಿ ಅಥವಾ ಗಣಿಯಿಂದ ಕೊಂಡು, ‘ನೋಟಾ ಫಿಸ್ಕಾಲ್’ ಎಂಬ ತೆರಿಗೆ ರಸೀದಿಯನ್ನು ತಪ್ಪದೆ ಪಡೆಯಬೇಕು. ಕಲ್ಲಿನ ಬಗೆ, ತೂಕ, ಬೆಲೆ ರಸೀದಿಯಲ್ಲಿ ನಮೂದಾಗಿರಲಿ. ಎರಡೂ ದೇಶಗಳ ಕಸ್ಟಮ್ಸ್‌ನಲ್ಲಿ ಅದೇ ನಿಮ್ಮ ಆಧಾರ. ರಾಜ್ಯ, ಊರು, ಸಾಧ್ಯವಾದರೆ ಗಣಿಯ ಹೆಸರು, ಕೊಂಡ ದಿನಾಂಕ ಇವನ್ನು ಚೀಟಿಯಲ್ಲಿ ಬರೆದು ಅಂಗಡಿ ಬಿಡುವ ಮೊದಲೇ ಕಲ್ಲಿನೊಂದಿಗೆ ಸುತ್ತಿಡಿ. ಅಂಟಿದ ಮಣ್ಣನ್ನು ಪೂರ್ತಿ ತೊಳೆಯಿರಿ, ಬುಡದ ಬಂಡೆಯನ್ನು ಮಾತ್ರ ಕೀಳಬೇಡಿ. ಮೊನಚಾದ ದೊಡ್ಡ ಹರಳುಗಳನ್ನು ವಿಮಾನದ ಕೈಚೀಲದಲ್ಲಿ ಬಿಡದಿರುವ ಸಾಧ್ಯತೆ ಇರುವುದರಿಂದ, ಒಂದೊಂದನ್ನೂ ಬೇರೆಬೇರೆಯಾಗಿ ದಪ್ಪ ಬಟ್ಟೆಯಲ್ಲಿ ಸುತ್ತಿ, ಒಪ್ಪಿಸುವ ಪೆಟ್ಟಿಗೆಯ ನಡುಭಾಗದಲ್ಲಿ ಇಡುವುದು ಕ್ಷೇಮ.